ಆಲ್-ಸೀಸನ್, ಆಲ್-ವೆದರ್, ವಿಂಟರ್: ಒಂಟಾರಿಯೊದಲ್ಲಿ ಮೂರನ್ನೂ ಓಡಿಸಿದ ಮೇಲೆ

ಊರಿಂದ ಹೊಸದಾಗಿ ಕೆನಡಾಕ್ಕೆ ಬಂದು ಕಾರು ತೆಗೆದುಕೊಂಡವರು ಸೆಪ್ಟೆಂಬರ್ ಹೊತ್ತಿಗೆ ಕೇಳುವ ಪ್ರಶ್ನೆ ಒಂದೇ. ಕಾರಿನ ಜೊತೆ ಬಂದ ಟೈರ್ ಇನ್ನೂ ಹೊಸದಾಗಿದೆ, ಮತ್ತೆ ಯಾಕೆ ಚಳಿಗಾಲಕ್ಕೆ ಅಂತ ಇನ್ನೊಂದು ಸೆಟ್? ಒಬ್ಬರು ಹಾಕಿಸಲೇಬೇಕು ಅನ್ನುತ್ತಾರೆ, ಇನ್ನೊಬ್ಬರು ಸುಮ್ನೆ ದುಡ್ಡು ದಂಡ ಅನ್ನುತ್ತಾರೆ, ಮೂರನೆಯವರು ಆಲ್-ವೆದರ್ ಹಾಕಿಸಿ ಮರೆತುಬಿಡಿ ಅನ್ನುತ್ತಾರೆ. ಕಾರಿನ ಜೊತೆ ಬರುವ ಆಲ್-ಸೀಸನ್, ಚಳಿಗಾಲಕ್ಕೇ ಮಾಡಿದ ವಿಂಟರ್, ಚಳಿಗಾಲವೂ ಸೇರಿ ವರ್ಷಪೂರ್ತಿ ಓಡುವ ಆಲ್-ವೆದರ್: ನಮ್ಮ ಮನೆಯ ಎರಡು ಕಾರುಗಳಲ್ಲಿ ಈ ಮೂರೂ ಬಗೆಯ ಟೈರ್ ಓಡಿವೆ. ಹಾಗಾಗಿ ಇದು ಯಾವುದೋ ಒಂದು ಕಂಪನಿಯ ಟೈರಿನ ವಿಮರ್ಶೆ ಅಲ್ಲ, ಮೂರು ಬಗೆಗಳ ವಿಮರ್ಶೆ. ಬ್ರಾಂಡಿಗಿಂತ ಬಗೆಯ ವ್ಯತ್ಯಾಸವೇ ದೊಡ್ಡದು ಅನ್ನೋದು ನನ್ನ ಅನುಭವ.

ನಾವಿರುವುದು ಒಂಟಾರಿಯೊ ಪ್ರಾಂತ್ಯದಲ್ಲಿ, ಟೊರಾಂಟೊ ಪಕ್ಕದ ಬ್ರಾಂಪ್ಟನ್‌ನಲ್ಲಿ. ನಮ್ಮನೆಯವರ ಕೆಲಸ ಊರೊಳಗೇ, ಹೋಗಿ ಬರೋದು ಹತ್ತಿಪ್ಪತ್ತು ಕಿಲೋಮೀಟರ್. ನನ್ನದು ಬ್ಯಾರಿ ಕಡೆ, ಅಂದರೆ ಹೈವೇ 400 ಹಿಡಿದು ಉತ್ತರಕ್ಕೆ. ಇಬ್ಬರ ಮನೆಯೂ ಒಂದೇ, ಚಳಿಗಾಲ ಮಾತ್ರ ಬೇರೆ ಬೇರೆ. ಟೈರ್ ಆಯ್ಕೆಯ ಅರ್ಧ ಉತ್ತರ ಇದರಲ್ಲೇ ಇದೆ.

ಮೊದಲು ಆಲ್-ಸೀಸನ್. ನನ್ನ ಕೊರೊಲಾ ಕಾರಿನ ಜೊತೆ ಬಂದದ್ದು ಅದೇ. ಏಪ್ರಿಲ್‌ನಿಂದ ನವೆಂಬರ್ ಶುರುವಿನ ತನಕ ಒಂದು ಮಾತೂ ಆಡುವ ಹಾಗಿಲ್ಲ. ಸದ್ದಿಲ್ಲ, ಪೆಟ್ರೋಲ್ ಕಡಿಮೆ ಕುಡಿಯುತ್ತದೆ, ಮಳೆಯಲ್ಲೂ ಚೆನ್ನಾಗಿ ಹಿಡಿಯುತ್ತದೆ. ಇಲ್ಲಿ ಚಳಿಗಾಲವೇ ಇಲ್ಲದಿದ್ದರೆ ಬೇರೆ ಟೈರಿನ ಬಗ್ಗೆ ಯೋಚನೆಯನ್ನೇ ಮಾಡುತ್ತಿರಲಿಲ್ಲ. ಆದರೆ ಡಿಸೆಂಬರ್‌ನಲ್ಲಿ ಅದೇ ಕಾರು ಬೇರೆಯವರದು ಅನ್ನಿಸುತ್ತದೆ. ಹಿಮವೇ ಬೀಳಬೇಕು ಅಂತಿಲ್ಲ, ಒಣ ರಸ್ತೆಯಲ್ಲೇ ಬ್ರೇಕ್ ಒತ್ತಿದರೆ ಸ್ವಲ್ಪ ಮುಂದೆ ಹೋಗಿ ನಿಲ್ಲುತ್ತದೆ, ತಿರುವಿನಲ್ಲಿ ಸ್ಟೀರಿಂಗ್ ಮರದ ತುಂಡಿನ ಹಾಗೆ.

ಕಾರಣ ರಬ್ಬರು. ಮನೆಯ ಕೊಬ್ಬರಿ ಎಣ್ಣೆ ಚಳಿಗೆ ಬಾಟಲಿಯಲ್ಲೇ ಗಟ್ಟಿಯಾಗುತ್ತದಲ್ಲ, ಸಾಧಾರಣ ಟೈರಿನ ರಬ್ಬರಿಗೂ ಹೆಚ್ಚುಕಮ್ಮಿ ಅದೇ ಗತಿ. ಸುಮಾರು 7 ಡಿಗ್ರಿ ಸೆಲ್ಸಿಯಸ್‌ನಿಂದ ಕೆಳಗೆ ಹೋದಂತೆ ಅದು ಬಿರುಸಾಗುತ್ತಾ ಹೋಗುತ್ತದೆ. ಬಿರುಸಾದ ರಬ್ಬರು ರಸ್ತೆಯ ಉಬ್ಬುತಗ್ಗಿಗೆ ಅಂಟಿಕೊಳ್ಳೋದಿಲ್ಲ, ಜಾರುತ್ತದೆ. ವಿಂಟರ್ ಟೈರಿನ ರಬ್ಬರನ್ನು ಕೊರೆಯುವ ಚಳಿಯಲ್ಲೂ ಮೆತ್ತಗೆ ಇರುವಂತೆ ಬೆರೆಸಿರುತ್ತಾರೆ. ಆಲ್-ವೆದರ್ ಇವೆರಡರ ನಡುವೆ: ಬೇಸಿಗೆಯ ಕಾದ ಡಾಂಬರಿಗೂ ಬಾಳಬೇಕು, ಮೈನಸ್ ಹತ್ತಕ್ಕೂ ಮೆತ್ತಗಿರಬೇಕು. ಎರಡೂ ಕಡೆ ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟು ಮಾಡಿಕೊಂಡ ರಾಜಿ ಅದು. ರಾಜಿ ಅಂದ ಮಾತ್ರಕ್ಕೆ ಕಳಪೆ ಅಲ್ಲ, ನಿಮಗೆ ಬೇಕಾದ್ದು ಯಾವ ಕಡೆ ಇದೆ ಅನ್ನೋದಷ್ಟೇ ಮುಖ್ಯ.

ಅಂಗಡಿಯಲ್ಲಿ ಮಾರುವವರ ಮಾತು ಕೇಳುವ ಮೊದಲು ಟೈರಿನ ಪಕ್ಕೆ ನೋಡಿ. ಎಂ ಪ್ಲಸ್ ಎಸ್ (M+S) ಅಂತ ಅಕ್ಷರ ಇದ್ದರೆ ಅದು ಕೆಸರು-ಹಿಮಕ್ಕೆ ಆಗುತ್ತದೆ ಅಂತ ತಯಾರಕರೇ ಹೇಳಿಕೊಂಡಿರುವುದು. ಟ್ರೆಡ್ಡಿನ, ಅಂದರೆ ರಸ್ತೆಗೆ ತಾಗುವ ಗೀರುಗಳಿರುವ ಭಾಗದ, ವಿನ್ಯಾಸ ನೋಡಿ ಹಾಕುವ ಗುರುತು, ಹಿಮದ ಮೇಲೆ ಓಡಿಸಿ ನೋಡಲೇಬೇಕು ಅಂತ ಏನೂ ಇಲ್ಲ. ಹೆಚ್ಚಿನ ಆಲ್-ಸೀಸನ್ ಟೈರುಗಳ ಮೇಲೂ ಇದು ಇರುತ್ತದೆ, ಆದ್ದರಿಂದ ಇದನ್ನು ನೋಡಿ ಸಮಾಧಾನ ಪಡಬೇಡಿ. ಹುಡುಕಬೇಕಾದ್ದು ಮೂರು ಶಿಖರದ ಬೆಟ್ಟ, ಅದರೊಳಗೆ ಒಂದು ಹಿಮದ ಹರಳು ಇರುವ ಚಿಕ್ಕ ಚಿತ್ರ. ಹಿಮದ ಮೇಲೆ ಪರೀಕ್ಷೆ ಮಾಡಿ, ಒಂದು ಮಾದರಿ ಟೈರಿಗಿಂತ ಕನಿಷ್ಠ 10 ಶೇಕಡಾ ಜಾಸ್ತಿ ಹಿಡಿತ ತೋರಿಸಿದರೆ ಮಾತ್ರ ಆ ಚಿತ್ರ ಸಿಗುತ್ತದೆ. ವಿಂಟರ್ ಟೈರಿನಲ್ಲಿ ಇದು ಇರುತ್ತದೆ, ಆಲ್-ವೆದರ್‌ನಲ್ಲೂ ಇರುತ್ತದೆ, ಸಾಧಾರಣ ಆಲ್-ಸೀಸನ್‌ನಲ್ಲಿ ಇರೋದಿಲ್ಲ.

ಆದರೆ ಒಂದು ಸೂಕ್ಷ್ಮ ಇದೆ, ಇದನ್ನು ಅಂಗಡಿಯವರು ಸಾಮಾನ್ಯವಾಗಿ ಹೇಳೋದಿಲ್ಲ. ಇಲ್ಲಿ ಆ ಪರೀಕ್ಷೆ ನಡೆಯೋದು ಒತ್ತಿದ ಹಿಮದ ಮೇಲೆ, ನೋಡುವುದು ಕಾರು ಮುಂದಕ್ಕೆ ಎಷ್ಟು ಚೆನ್ನಾಗಿ ಎಳೆಯುತ್ತದೆ ಅಂತ. ಗಾಜಿನಂಥ ಐಸ್ ಮೇಲೆ ಬ್ರೇಕ್ ಹಾಕಿದರೆ ಏನಾಗುತ್ತದೆ ಅನ್ನೋದಕ್ಕೆ ಆ ಚಿತ್ರ ಉತ್ತರ ಕೊಡೋದಿಲ್ಲ. ಹಿಮ ಬೇರೆ, ಐಸ್ ಬೇರೆ. ಇಡೀ ಆಯ್ಕೆ ನಿಂತಿರುವುದೇ ಈ ವ್ಯತ್ಯಾಸದ ಮೇಲೆ ಅಂತ ನನಗೆ ಈಗ ಅನ್ನಿಸುತ್ತದೆ.

ನಮ್ಮನೆಯವರ ಕಾರಿಗೆ ಹಾಕಿಸಿರುವುದು ಆಲ್-ವೆದರ್. ಮಾರುಕಟ್ಟೆಯಲ್ಲಿ ಈಗ ಸಾಕಷ್ಟು ಇವೆ: ಮಿಷೆಲಿನ್ ಕ್ರಾಸ್‌ಕ್ಲೈಮೇಟ್ 2, ಬ್ರಿಡ್ಜ್‌ಸ್ಟೋನ್ ವೆದರ್‌ಪೀಕ್, ಟೊಯೊ ಸೆಲ್ಸಿಯಸ್, ಮತ್ತೆ ಈ ಬಗೆಯನ್ನು ಬಹಳ ಮುಂಚೆಯೇ ತಂದ ಫಿನ್‌ಲ್ಯಾಂಡಿನ ನೋಕಿಯನ್ ಕಂಪನಿಯ ಡಬ್ಲ್ಯೂಆರ್ ಸಾಲು. ನಮ್ಮದು ಯಾವುದು ಅಂತ ಹೇಳೋದಿಲ್ಲ, ಯಾಕೆಂದರೆ ಕೆಳಗೆ ಒಂದೆರಡು ದೂರು ಇವೆ, ಅವು ಈ ಬಗೆಯದ್ದೇ ಗುಣ ಅಂತ ನನ್ನ ಅಂದಾಜು. ಮೊದಲು ಒಳ್ಳೇದು. ಊರೊಳಗೆ ಓಡಾಡುವವರಿಗೆ ಇದಕ್ಕಿಂತ ನೆಮ್ಮದಿ ಇಲ್ಲ. ಅಕ್ಟೋಬರ್‌ನಲ್ಲಿ ಅಪಾಯಿಂಟ್‌ಮೆಂಟ್‌ಗಾಗಿ ಪರದಾಟ ಇಲ್ಲ, ಏಪ್ರಿಲ್‌ನಲ್ಲಿ ಮತ್ತೆ ಬಿಚ್ಚಿಸುವ ಗೋಜಿಲ್ಲ, ನಾಲ್ಕು ಟೈರ್ ಎಲ್ಲಿಡೋದು ಅನ್ನೋ ಚಿಂತೆ ಇಲ್ಲ. ಹಿಮ ಬಿದ್ದ ಬೆಳಿಗ್ಗೆ ಹಿಮ ತಳ್ಳುವ ಲಾರಿ ಇನ್ನೂ ನಮ್ಮ ಬೀದಿಗೆ ಬಂದಿರೋದಿಲ್ಲ, ಆದರೂ ಕಾರು ಡ್ರೈವ್‌ವೇಯಿಂದ ಸಲೀಸಾಗಿ ಹೊರಗೆ ಬರುತ್ತದೆ. ಉಪ್ಪು ಬಿದ್ದು ಕರಗಿದ ಬೂದು ಬಣ್ಣದ ರಾಡಿ ಇರುತ್ತದಲ್ಲ, ಅದರಲ್ಲಿ ಈ ಟೈರ್ ನಿಜಕ್ಕೂ ಚೆನ್ನಾಗಿದೆ. ವಿ ಆಕಾರದ ಆಳವಾದ ಗೀರುಗಳು ನೀರನ್ನೂ ರಾಡಿಯನ್ನೂ ಪಕ್ಕಕ್ಕೆ ತಳ್ಳುತ್ತವೆ.

ಈಗ ದೂರು. ಒಂದು, ಹೊಸದಾಗಿದ್ದಾಗ ಸದ್ದಿರಲಿಲ್ಲ, ಸವೆಯುತ್ತಾ ಬಂದಂತೆ ಗುಂಯ್ ಅನ್ನೋ ಸದ್ದು ಜಾಸ್ತಿಯಾಗಿದೆ, ಹೈವೇ 401ರ ಕಾಂಕ್ರೀಟ್ ಭಾಗದಲ್ಲಿ ರೇಡಿಯೋ ಒಂದು ಗೆರೆ ಏರಿಸಬೇಕು. ಎರಡು, ಪೆಟ್ರೋಲ್ ಖರ್ಚು ಹಿಂದಿನ ಟೈರಿಗಿಂತ ಸ್ವಲ್ಪ ಮೇಲೆ. ಮೂರನೆಯದೇ ಮುಖ್ಯ: ಐಸ್. ನಮ್ಮ ಬಡಾವಣೆಯಿಂದ ಮುಖ್ಯ ರಸ್ತೆಗೆ ಸೇರುವಲ್ಲಿ ಸಣ್ಣ ಇಳಿಜಾರು, ತುದಿಯಲ್ಲಿ ಸ್ಟಾಪ್ ಬೋರ್ಡು. ಹಗಲು ಕರಗಿದ ನೀರು ರಾತ್ರಿ ಅಲ್ಲಿ ಗಟ್ಟಿಯಾಗಿರುತ್ತದೆ. ಆ ಜಾಗದಲ್ಲಿ ಒಂದೇ ಬೆಳಿಗ್ಗೆ ಎರಡೂ ಕಾರು ಓಡಿಸಿ ನೋಡಿದ್ದೇನೆ, ನಡೆಯುವ ವೇಗದಲ್ಲಿ, ಹಿಂದೆ ಮುಂದೆ ಯಾರೂ ಇಲ್ಲದಾಗ. ಆಲ್-ವೆದರ್ ಕಾರಿನ ಬ್ರೇಕ್ ಪೆಡಲ್ ಕಾಲಿನ ಕೆಳಗೆ ಟಕಟಕ ನಡುಗಿತು, ಅಂದರೆ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕೆಲಸ ಶುರು ಮಾಡಿತು, ಕಾರು ಬಿಳಿ ಗೆರೆ ದಾಟಿ ನಿಂತಿತು. ವಿಂಟರ್ ಟೈರ್ ಹಾಕಿದ್ದ ನನ್ನ ಕಾರಿನಲ್ಲೂ ಪೆಡಲ್ ನಡುಗಿತು, ಆದರೆ ಸ್ವಲ್ಪ ಹೊತ್ತು ಮಾತ್ರ, ಗೆರೆಗಿಂತ ಮೊದಲೇ ನಿಂತಿತು. ಹಿಮದ ಮೇಲೆ ಇವೆರಡರ ಅಂತರ ಇಷ್ಟು ಇರೋದಿಲ್ಲ.

ಯಾಕೆ ಹೀಗೆ ಅಂದರೆ, ಐಸ್ ತುಂಬಾ ಜಾರೋದು ಮೈನಸ್ ಇಪ್ಪತ್ತರಲ್ಲಿ ಅಲ್ಲ, ಸೊನ್ನೆಯ ಆಸುಪಾಸಿನಲ್ಲಿ, ಯಾಕೆಂದರೆ ಆಗ ಮೇಲೆ ತೆಳುವಾದ ನೀರಿನ ಪೊರೆ ಇರುತ್ತದೆ. ಆ ನೀರನ್ನು ತೆಗೆದರೆ ಮಾತ್ರ ರಬ್ಬರಿಗೆ ಹಿಡಿತ. ವಿಂಟರ್ ಟೈರನ್ನು ಹತ್ತಿರದಿಂದ ನೋಡಿ, ಪ್ರತಿ ರಬ್ಬರ್ ತುಂಡಿನ ಮೇಲೆ ಬ್ಲೇಡಿನಲ್ಲಿ ಕೊರೆದ ಹಾಗೆ ಅಂಕುಡೊಂಕಾದ ಸಣ್ಣ ಸೀಳುಗಳ ಸಾಲು ಇರುತ್ತದೆ. ಹೆಬ್ಬೆರಳಲ್ಲಿ ಒತ್ತಿದರೆ ಅವು ಬಾಯಿ ಬಿಡುತ್ತವೆ. ಆ ಅಂಚುಗಳು ಐಸನ್ನು ಕಚ್ಚುತ್ತವೆ, ನೀರು ಸೀಳಿನೊಳಗೆ ಸರಿಯುತ್ತದೆ. ಬ್ರಿಡ್ಜ್‌ಸ್ಟೋನ್ ಕಂಪನಿಯ ಬ್ಲಿಝಾಕ್‌ನಂಥ ವಿಂಟರ್ ಟೈರುಗಳಲ್ಲಿ ರಬ್ಬರಿನಲ್ಲೇ ಕಣ್ಣಿಗೆ ಕಾಣದ ರಂಧ್ರಗಳಿದ್ದು ಅವೂ ನೀರು ಹೀರುತ್ತವೆ. ಆಲ್-ವೆದರ್‌ನಲ್ಲೂ ಸೀಳು ಇದೆ, ಆದರೆ ಜುಲೈ ಬಿಸಿಲಿಗೆ ತಡೆಯಬೇಕಾದ್ದರಿಂದ ಅಷ್ಟೊಂದು ಇಲ್ಲ, ರಬ್ಬರೂ ಅಷ್ಟು ಮೆತ್ತಗಿಲ್ಲ.

ಹೈವೇ 400ರಲ್ಲಿ ಬ್ರಾಡ್‌ಫರ್ಡ್ ಹತ್ತಿರ ಹಾಲಂಡ್ ಮಾರ್ಷ್ ಅಂತ ತಗ್ಗಿನ ಬಯಲು ಬರುತ್ತದೆ, ಕ್ಯಾರೆಟ್ ಈರುಳ್ಳಿ ಬೆಳೆಯುವ ಕಪ್ಪು ಮಣ್ಣಿನ ಜಾಗ. ಮರಗಿಡ ಕಡಿಮೆ, ಗಾಳಿಗೆ ಅಡ್ಡ ಏನೂ ಇಲ್ಲ. ಅಲ್ಲಿಂದ ಬ್ಯಾರಿ ತನಕ ಜಾರ್ಜಿಯನ್ ಕೊಲ್ಲಿಯಿಂದ ಬೀಸುವ ಹಿಮದ ಪಟ್ಟೆಗಳು ಹೇಗೆಂದರೆ, ಈ ಕಡೆ ಬಿಸಿಲು, ಎರಡು ಕಿಲೋಮೀಟರ್ ಮುಂದೆ ಎದುರಿನ ಲಾರಿಯ ಕೆಂಪು ದೀಪವೇ ಕಾಣೋದಿಲ್ಲ. ಇಂಥ ಕಡೆ ರಸ್ತೆಗೆ ಉಪ್ಪು ಹಾಕಿದರೂ ಬಯಲಿನ ಹಿಮ ಮತ್ತೆ ಬಂದು ಬೀಳುತ್ತದೆ, ಚಕ್ರಗಳು ಅದನ್ನು ತಿಕ್ಕಿ ತಿಕ್ಕಿ ಐಸ್ ಮಾಡುತ್ತವೆ. ಮೈನಸ್ ಹತ್ತರ ಕೆಳಗೆ ಉಪ್ಪೂ ಸೋಲುತ್ತಾ ಹೋಗುತ್ತದೆ. ಇಲ್ಲಿ ನನಗೆ ವಿಂಟರ್ ಟೈರೇ ಬೇಕು, ಚರ್ಚೆಗೆ ಜಾಗ ಇಲ್ಲ. ಲೇನ್ ಬದಲಾಯಿಸುವಾಗ ಎರಡು ಲೇನಿನ ನಡುವೆ ಗುಡ್ಡೆ ಬಿದ್ದ ಹಿಮವನ್ನು ದಾಟಬೇಕಲ್ಲ, ಆಲ್-ಸೀಸನ್‌ನಲ್ಲಿ ಆಗ ಎದೆ ಡವಡವ ಅನ್ನುತ್ತಿತ್ತು. ಈಗ ಸ್ಟೀರಿಂಗ್ ಸ್ವಲ್ಪ ಎಳೆಯುತ್ತದೆ, ಅಷ್ಟೇ.

ವಿಂಟರ್ ಟೈರಿನ ಕಿರಿಕಿರಿಯೂ ಕಡಿಮೆ ಇಲ್ಲ. ಹದಿನೈದು ಡಿಗ್ರಿ ಬಿಸಿಲು ಬಂದ ಏಪ್ರಿಲ್ ದಿನ ತಿರುವಿನಲ್ಲಿ ಕಾರು ಮೆತ್ತೆಯ ಮೇಲೆ ನಿಂತ ಹಾಗೆ ಓಲಾಡುತ್ತದೆ. ಒದ್ದೆ ರಸ್ತೆಯಲ್ಲಿ, ಚಳಿ ಇಲ್ಲದಾಗ, ಬ್ರೇಕ್ ಆಲ್-ಸೀಸನ್‌ನಷ್ಟು ಚುರುಕಲ್ಲ. ಬೇಸಿಗೆಯಲ್ಲೂ ಅದನ್ನೇ ಓಡಿಸಿ ಮುಗಿಸೋಣ ಅಂದರೆ ಕಣ್ಣೆದುರೇ ಸವೆದು ಹೋಗುತ್ತದೆ.

ದುಡ್ಡಿನ ಲೆಕ್ಕ ಜನ ಅಂದುಕೊಂಡಷ್ಟು ಭಯಂಕರ ಅಲ್ಲ. ಎರಡು ಸೆಟ್ ಇದ್ದರೆ ಒಂದು ಓಡುವಾಗ ಇನ್ನೊಂದು ಸವೆಯೋದಿಲ್ಲ, ಹಾಗಾಗಿ ಟೈರಿನ ದುಡ್ಡು ಬಹುತೇಕ ವರ್ಷಗಳ ಮೇಲೆ ಹಂಚಿಹೋಗುತ್ತದೆ. ನಿಜವಾದ ಹೆಚ್ಚುವರಿ ಖರ್ಚು ರಿಮ್ಮು, ವರ್ಷಕ್ಕೆ ಎರಡು ಸಲ ಬದಲಾಯಿಸುವ ಕೂಲಿ, ಜಾಗ ಇಲ್ಲದವರಿಗೆ ಇಡುವ ಬಾಡಿಗೆ. ಕಬ್ಬಿಣದ ರಿಮ್ ಒಂದು ಸೆಟ್ ತೆಗೆದುಕೊಳ್ಳಿ ಅಂತಲೇ ಹೇಳುತ್ತೇನೆ, ಒಂದೇ ರಿಮ್ಮಿಗೆ ಪ್ರತಿ ಸಲ ಟೈರ್ ಬಿಚ್ಚಿ ಹಾಕಿಸಿದರೆ ಕೂಲಿಯೂ ಜಾಸ್ತಿ, ಟೈರಿನ ಅಂಚೂ ಹಾಳು. ಆ ರಿಮ್ಮಿನಲ್ಲಿ ಗಾಳಿಯ ಸೆನ್ಸರ್ ಹಾಕಿಸದಿದ್ದರೆ ಚಳಿಗಾಲ ಪೂರ್ತಿ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ. ನನ್ನದರಲ್ಲಿ ಉರಿಯುತ್ತಲೇ ಇದೆ, ಅಭ್ಯಾಸ ಆಗಿದೆ. ಆದರೆ ಗಾಳಿಯನ್ನು ಕೈಯಾರೆ ನೋಡಿಕೊಳ್ಳಬೇಕು: ತಾಪಮಾನ ಐದಾರು ಡಿಗ್ರಿ ಇಳಿದರೆ ಟೈರಿನ ಗಾಳಿಯ ಒತ್ತಡ ಸುಮಾರು ಒಂದು ಪಿಎಸ್‌ಐ ಇಳಿಯುತ್ತದೆ. ಅಕ್ಟೋಬರ್‌ನಲ್ಲಿ ಸರಿ ಇದ್ದದ್ದು ಜನವರಿಯಲ್ಲಿ ಸರಿ ಇರೋದಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಇರುವವರು ಟೈರ್ ಇಡುವ ಬಾಡಿಗೆಯನ್ನೂ ಸೇರಿಸಿ ನೋಡಿದರೆ ಆಲ್-ವೆದರ್ ಕಡೆಗೆ ತಕ್ಕಡಿ ವಾಲಬಹುದು, ಅದರಲ್ಲಿ ತಪ್ಪೇನಿಲ್ಲ.

ಕಾನೂನಿನ ವಿಷಯ ಚಿಕ್ಕದಾಗಿ. ಒಂಟಾರಿಯೊದಲ್ಲಿ ವಿಂಟರ್ ಟೈರ್ ಕಡ್ಡಾಯ ಅಲ್ಲ, ಆದರೆ 2016ರ ಜನವರಿ 1ರಿಂದ ಇನ್ಶೂರೆನ್ಸ್ ಕಂಪನಿಗಳು ಅದಕ್ಕೆ ರಿಯಾಯಿತಿ ಕೊಡಲೇಬೇಕು. ಕೇಳದಿದ್ದರೆ ಅವರಾಗಿ ನೆನಪಿಸಲಿಕ್ಕಿಲ್ಲ, ಫೋನ್ ಮಾಡಿ. ಆಲ್-ವೆದರ್‌ಗೂ ಕೊಡುತ್ತಾರಾ ಅನ್ನೋದನ್ನು ಅದೇ ಫೋನಿನಲ್ಲಿ ಕೇಳಿ. ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರ ತನಕ ಕಡ್ಡಾಯ. ಬೆಟ್ಟದ ಚಿತ್ರ ಇರುವ ಆಲ್-ವೆದರ್ ಅಲ್ಲಿ ನಡೆಯುತ್ತದೆ. ಆ ನಿಯಮ ಅಲ್ಲಿ ನೋಂದಣಿ ಆದ ಕಾರುಗಳಿಗೆ, ಆದರೂ ಜನವರಿಯಲ್ಲಿ ಮಾಂಟ್ರಿಯಲ್‌ಗೆ ಆಲ್-ಸೀಸನ್ ಹಾಕಿಕೊಂಡು ಹೋಗೋದು ಬೇಡ. ಬ್ರಿಟಿಷ್ ಕೊಲಂಬಿಯಾದ ಬೆಟ್ಟದ ಹೆದ್ದಾರಿಗಳಲ್ಲಿ ಅಕ್ಟೋಬರ್ 1ರಿಂದಲೇ ಶುರು, ಅಲ್ಲಿ ಎಂ ಪ್ಲಸ್ ಎಸ್ ಇದ್ದರೂ ಒಪ್ಪುತ್ತಾರೆ, ಟ್ರೆಡ್ ಆಳ ಕನಿಷ್ಠ 3.5 ಮಿಲಿಮೀಟರ್ ಇರಬೇಕು.

ನಾಲ್ಕು ಚಕ್ರಕ್ಕೂ ಎಂಜಿನ್ ಬಲ ಹೋಗುವ ಕಾರು ಇದೆ, ನಮಗೇನೂ ಬೇಡ ಅನ್ನುವ ಸ್ನೇಹಿತರಿಗೆ: ಅದು ಹೊರಡುವಾಗ ಸಹಾಯ ಮಾಡುತ್ತದೆ. ನಿಲ್ಲುವಾಗ ನಿಮ್ಮದೂ ನಾಲ್ಕೇ ಟೈರು, ನನ್ನದೂ ನಾಲ್ಕೇ. ಇನ್ನು ದುಡ್ಡು ಉಳಿಸಲು ಮುಂದಿನ ಎರಡಕ್ಕೆ ಮಾತ್ರ ವಿಂಟರ್ ಟೈರ್ ಹಾಕಿಸುವವರೂ ಇದ್ದಾರೆ. ದಯವಿಟ್ಟು ಬೇಡ, ಮುಂದಿನ ಚಕ್ರ ಹಿಡಿದು ಹಿಂದಿನದು ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ.

ಬೆಂಗಳೂರಿನಲ್ಲಿರುವ ತಮ್ಮ ತನ್ನ ಕಾರಿಗೂ ಆಲ್-ವೆದರ್ ಹುಡುಕಲಾ ಅಂತ ಕೇಳಿದ್ದ. ಅಲ್ಲಿ ಇದರ ಅಗತ್ಯವೇ ಇಲ್ಲ ಮಾರಾಯ, ಮಳೆಗಾಲಕ್ಕೆ ಮುಂಚೆ ಟ್ರೆಡ್ ಎಷ್ಟು ಉಳಿದಿದೆ ನೋಡಿಕೊ, ಶಿರಾಡಿ ಘಾಟಿಗೆ ಅಷ್ಟು ಸಾಕು ಅಂದೆ.

ಹಾಗಾದರೆ ಯಾರಿಗೆ ಯಾವುದು? ಟೊರಾಂಟೊ, ಮಿಸ್ಸಿಸ್ಸಾಗಾ ಒಳಗೇ ಓಡಾಟ, ಹಿಮಗಾಳಿ ಬಂದ ದಿನ ಮನೆಯಿಂದಲೇ ಕೆಲಸ ಮಾಡಬಹುದು ಅನ್ನುವವರಿಗೆ ಆಲ್-ವೆದರ್ ಧಾರಾಳ ಸಾಕು. ನರ್ಸಿಂಗ್, ಫ್ಯಾಕ್ಟರಿ ಶಿಫ್ಟ್ ಅಂತ ಬೆಳಗಿನ ಜಾವ ಐದಕ್ಕೇ ಹೊರಡಲೇಬೇಕಾದವರಿಗೆ, ಬ್ಯಾರಿ, ಸಡ್ಬರಿ, ಆಟವಾ ಕಡೆಯವರಿಗೆ, ಕಾಲಿಂಗ್‌ವುಡ್‌ಗೆ ಸ್ಕೀ ಮಾಡಲು ಹೋಗುವವರಿಗೆ ವಿಂಟರ್. ಬರೀ ಆಲ್-ಸೀಸನ್‌ನಲ್ಲಿ ಇಡೀ ವರ್ಷ ಕಳೆಯೋದನ್ನು ನಾನು ಯಾರಿಗೂ ಹೇಳೋದಿಲ್ಲ, ಹಿಮ ಬಿದ್ದ ದಿನ ಬಸ್ಸಿನಲ್ಲಿ ಹೋಗುವ ಶಿಸ್ತು ಇರುವವರನ್ನು ಬಿಟ್ಟು. ಆಲ್-ವೆದರ್ ಹಾಕಿಸಿದವರು ಒಂದು ನೆನಪಿಡಿ, ಅದು ಬೇಸಿಗೆಯಲ್ಲೂ ಸವೆಯುತ್ತಿರುತ್ತದೆ. ಹೊಸದರಲ್ಲಿ ಟ್ರೆಡ್ ಆಳ 10/32 ಇಂಚು ಇದ್ದದ್ದು 5/32ಕ್ಕೆ ಬಂತೆಂದರೆ ಬೆಟ್ಟದ ಚಿತ್ರ ಪಕ್ಕೆಯಲ್ಲಿ ಹಾಗೇ ಇರುತ್ತದೆ, ಹಿಮದ ಹಿಡಿತ ಮಾತ್ರ ಮೊದಲಿನಷ್ಟು ಇರೋದಿಲ್ಲ. ನಮ್ಮನೆಯವರದು ಈಗ 6/32ರಲ್ಲಿದೆ, ಈ ಚಳಿಗಾಲ ಮುಗಿಸಿ ಮತ್ತೆ ಅದೇ ಬಗೆಯದ್ದು ಹಾಕಿಸುತ್ತೇವೆ.

ಹಳೇ ಟೈರ್ ಕೊಳ್ಳುವವರು ಪಕ್ಕೆಯಲ್ಲಿ ಡಾಟ್ (DOT) ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ: 3519 ಅಂತಿದ್ದರೆ 2019ರ 35ನೇ ವಾರದಲ್ಲಿ ತಯಾರಾದದ್ದು. ಟ್ರೆಡ್ ಎಷ್ಟೇ ಇರಲಿ, ವಯಸ್ಸಾದ ವಿಂಟರ್ ಟೈರಿನ ರಬ್ಬರು ಗಟ್ಟಿಯಾಗಿರುತ್ತದೆ. ಚಕ್ರ ಬದಲಾಯಿಸಿದ ಮೇಲೆ ನೂರು ಕಿಲೋಮೀಟರ್ ಒಳಗೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಿ, ಹೆಚ್ಚಿನ ಅಂಗಡಿಯವರು ಅದಕ್ಕೆ ದುಡ್ಡು ಕೇಳೋದಿಲ್ಲ. ಮತ್ತೆ ಬುಕಿಂಗ್ ಸೆಪ್ಟೆಂಬರ್‌ನಲ್ಲೇ ಮಾಡಿ, ಮೊದಲ ಹಿಮ ಬಿದ್ದ ದಿನ ಫೋನ್ ಮಾಡಿದರೆ ಡಿಸೆಂಬರ್ ಎರಡನೇ ವಾರದ ತಾರೀಕು ಕೊಡುತ್ತಾರೆ.