ತೊಗರಿ ದರದಲ್ಲಿ ಒಳಒಪ್ಪಂದ: ಎಪಿಎಂಸಿಗೋ, ಸ್ಪರ್ಧಾ ಆಯೋಗಕ್ಕೋ?

ಕಲಬುರಗಿ ಎಪಿಎಂಸಿಯಲ್ಲಿ ನಿಮ್ಮ ತೊಗರಿಗೆ ಬಂದ ಟೆಂಡರ್ ದರಗಳೆಲ್ಲ ಹತ್ತಿಪ್ಪತ್ತು ರೂಪಾಯಿ ಅಂತರದಲ್ಲೇ ನಿಂತರೆ ಅನುಮಾನ ಸಹಜ. ತೂಕದಲ್ಲಿ ಮೋಸ, ಹಣ ಬಾಕಿ, ಅಕ್ರಮ ಕಡಿತವಾದರೆ ಮಾರುಕಟ್ಟೆ ಸಮಿತಿಗೆ (ಎಪಿಎಂಸಿ) ದೂರು ಕೊಡುವುದೇ ಸರಿ. ಕಾರ್ಯದರ್ಶಿ ಕೈಗೆ ಸಿಗುತ್ತಾರೆ, ವರ್ತಕರ ಲೈಸೆನ್ಸೂ ಸಮಿತಿಯ ಹಿಡಿತದಲ್ಲಿದೆ.

ಖರೀದಿದಾರರು ಮೊದಲೇ ಮಾತಾಡಿಕೊಂಡು ದರ ಇಳಿಸಿದ್ದರೆ ಅದು 2002ರ ಸ್ಪರ್ಧಾ ಕಾಯ್ದೆಯ ಸೆಕ್ಷನ್ 3ರ ವಿಷಯ. ದಿಲ್ಲಿಯ ಭಾರತೀಯ ಸ್ಪರ್ಧಾ ಆಯೋಗಕ್ಕೆ ಶುಲ್ಕ ಕಟ್ಟಿ 3 ವರ್ಷದೊಳಗೆ ಮಾಹಿತಿ ಸಲ್ಲಿಸಬೇಕು. ಹೆಸರು ಗುಪ್ತವಾಗಿಡಲು ಕೋರಬಹುದು, ಊರಲ್ಲಿ ಅದೇ ದೊಡ್ಡ ಚಿಂತೆ ತಾನೆ! ಎಲ್ಲರ ದರ ಒಂದೇ ಇತ್ತು ಎಂದಷ್ಟೇ ಹೇಳಿದರೆ ದೂರು ನಿಲ್ಲುವುದು ಕಷ್ಟ. ಲಾಟ್ ಸಂಖ್ಯೆ, ಅದೇ ದಿನದ ಬೀದರ್, ಯಾದಗಿರಿ ದರ, ಸಿಕ್ಕರೆ ವಾಟ್ಸ್‌ಆ್ಯಪ್ ಸಂದೇಶ ಜೋಡಿಸಿ. ಮೇಲ್ನೋಟಕ್ಕೆ ಹುರುಳಿದ್ದರೆ ಆಯೋಗದ ತನಿಖಾ ವಿಭಾಗದ ಮುಖ್ಯಸ್ಥರಾದ ಮಹಾನಿರ್ದೇಶಕರ ತನಿಖೆ. ಆದರೆ ದಂಡ ಸರ್ಕಾರಕ್ಕೆ. ನಿಮ್ಮ ನಷ್ಟಕ್ಕೆ ಪರಿಹಾರ ಬೇಕಿದ್ದರೆ ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿ (ಎನ್‌ಸಿಎಲ್‌ಎಟಿ) ಮುಂದೆ ಬೇರೆ ಅರ್ಜಿ ಹಾಕಬೇಕು.