ಜೈಂಟ್ಸ್‌ನ ಹೊಸ ಹುಡುಗರು: ಸ್ಯಾಕ್ರಮೆಂಟೊದಲ್ಲಿ ನೋಡೋದಾ, ಸ್ಯಾನ್ ಹೋಸೆಯಲ್ಲಾ?

ಅಮೆರಿಕದ ಬೇಸ್‌ಬಾಲ್ ತಂಡ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ಗೆ ಮುಂದೆ ಯಾರು ಬರುತ್ತಾರೆ ಅನ್ನೋ ಕುತೂಹಲವೇ? ಹಾಗಾದರೆ ಅವರ ಟ್ರಿಪಲ್-ಎ ತಂಡ ಸ್ಯಾಕ್ರಮೆಂಟೊ ರಿವರ್ ಕ್ಯಾಟ್ಸ್ ನೋಡಿ. ಟ್ರಿಪಲ್-ಎ ಅಂದರೆ ಜೈಂಟ್ಸ್ ಆಡುವ ಅಗ್ರ ಮಟ್ಟದ ಮೇಜರ್ ಲೀಗ್‌ಗೆ ಒಂದೇ ಮೆಟ್ಟಿಲು ಕೆಳಗೆ. ಮೇಲೆ ಯಾರಾದರೂ ಗಾಯಗೊಂಡರೆ ಕರೆ ಬರೋದು ಹೆಚ್ಚಾಗಿ ಇಲ್ಲಿಗೇ. ಆದರೆ ತಂಡ ಬದಲಾಗುತ್ತಲೇ ಇರುತ್ತದೆ.

ಆಟಗಾರ ಬೆಳೆಯೋದನ್ನು ನೋಡಬೇಕಾ? ನನ್ನ ಓಟು ಸ್ಯಾನ್ ಹೋಸೆಗೆ. ಜೈಂಟ್ಸ್‌ನದೇ ಸಿಂಗಲ್-ಎ ತಂಡ (ಟ್ರಿಪಲ್-ಎಗಿಂತ ಇನ್ನೂ ಕೆಳಗಿನ ಹಂತ), 20ರ ಆಸುಪಾಸಿನ ಹುಡುಗರು. 1942ರ ಪುಟ್ಟ ಮೈದಾನ. ಚೆಂಡು ಕ್ಯಾಚರ್ ಗ್ಲೌಸಿಗೆ ಬಡಿಯುವ ಸದ್ದು ಸೀಟಿಗೇ ಕೇಳುತ್ತದೆ. ಜೈಂಟ್ಸ್‌ನ ಮಾಜಿ ಕ್ಯಾಚರ್ ಬಸ್ಟರ್ ಪೋಸಿ 2009ರಲ್ಲಿ ಇಲ್ಲೇ ಆಡಿದ್ದರು (ಆಗ ತಂಡ ಒಂದು ಹಂತ ಮೇಲಿತ್ತು). 2010ರಲ್ಲಿ ಜೈಂಟ್ಸ್ ಜೊತೆ ಮೇಜರ್ ಲೀಗ್‌ನ ಫೈನಲ್ ವರ್ಲ್ಡ್ ಸೀರೀಸ್ ಗೆದ್ದರು! ಎಲ್ಲರೂ ಹಾಗೆ ಏರುವುದಿಲ್ಲ, ತಾಳ್ಮೆ ಜಾಸ್ತಿ ಬೇಕು. ಬ್ಯಾಟಿಂಗ್ ಸರಾಸರಿ ಬಿಡಿ, ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟಾಗೋದು) ಕಡಿಮೆಯಾಗ್ತಿದೆಯಾ ನೋಡಿ.