ಮಲ್ಪೆ, ಕಾಪು, ಮಟ್ಟು, ಬೆಂಗ್ರೆ: ನಾಯಿಗೆ ಯಾವ ಕಡಲತೀರ?

ನಮ್ಮ ಬೊಳ್ಳು ಊರ ನಾಯಿ. ಮೈಯೆಲ್ಲ ಬಿಳಿ, ಎಡಗಿವಿ ಮಾತ್ರ ಕಂದು. ಉಡುಪಿಯಲ್ಲೇ ಹುಟ್ಟಿ ಬೆಳೆದರೂ ನಾಲ್ಕು ವರ್ಷ ತುಂಬುವವರೆಗೆ ಅವನು ಕಡಲು ನೋಡಿರಲಿಲ್ಲ. ಹೋದ ನವೆಂಬರಿನಿಂದ ಮಾರ್ಚ್ ಒಳಗೆ ಅವನನ್ನು ನಾಲ್ಕು ಕಡೆ ಕರೆದುಕೊಂಡು ಹೋದೆವು. ಎಲ್ಲ ಕಡೆಗೂ ಎರಡೆರಡು ಸಲವಾದರೂ ಹೋಗಿದ್ದೇವೆ. ಒಂದೇ ಸಲ ನೋಡಿದರೆ ಜಾಗದ ಗುಣ ಗೊತ್ತಾಗುವುದಿಲ್ಲ, ನಾಯಿಯ ಗುಣವೂ ಗೊತ್ತಾಗುವುದಿಲ್ಲ.

ಪಡುಬಿದ್ರಿಯನ್ನು ಮೊದಲೇ ಬಿಟ್ಟೆವು. ಅಲ್ಲಿನ ಎಂಡ್ ಪಾಯಿಂಟ್ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮನ್ನಣೆ, ಸಿಕ್ಕಿದೆ. ನಾಯಿಗಳನ್ನು ಬಿಡುವ ವಿಷಯದಲ್ಲಿ ಕಟ್ಟುನಿಟ್ಟಾಗಿರಬೇಕು ಎಂಬುದು ಆ ಮನ್ನಣೆಯ ನಿಯಮಗಳಲ್ಲೇ ಇದೆ. ಹೊನ್ನಾವರದ ಕಾಸರಕೋಡಿಗೂ ಇದೇ ಮಾತು.

ಮಲ್ಪೆ ನಮಗೆ ಎಲ್ಲಕ್ಕಿಂತ ಹತ್ತಿರ. ಉಡುಪಿ ಪೇಟೆಯಿಂದ ಆರು ಕಿಲೋಮೀಟರ್. ಗಾಡಿ ನಿಲ್ಲಿಸಲು ಜಾಗ ಇದೆ, ಎಳನೀರು ಸಿಗುತ್ತದೆ. ಮೊದಲ ಸಲ ಭಾನುವಾರ ಸಂಜೆ ಹೋದೆವು. ಅದೇ ತಪ್ಪಾಯಿತು. ಹಾಡಿನ ಸದ್ದು, ನೀರಿನ ಮೇಲೆ ಓಡುವ ಸ್ಕೂಟರಿನ ಸದ್ದು, ಮುಟ್ಟಲು ಓಡಿ ಬರುವ ಮಕ್ಕಳು. ಬೊಳ್ಳು ಬಾಲ ಮುದುರಿಕೊಂಡು ನನ್ನ ಕಾಲಿನ ಹಿಂದೆ ನಿಂತ. ಅಂಗಡಿಗಳ ಹತ್ತಿರ ಇರುವ ನಾಯಿಗಳು ಐದಾರು ಒಟ್ಟಿಗೆ ಬಂದಾಗ ನಡುಗಿಯೇ ಬಿಟ್ಟ. ಎರಡನೇ ಸಲ ಬುಧವಾರ ಬೆಳಿಗ್ಗೆ ಆರಕ್ಕೆ ಹೋದರೆ ಬೇರೆಯೇ ಊರು! ನೀರು ಇಳಿದಿತ್ತು, ಒದ್ದೆ ಮರಳು ಗಟ್ಟಿಯಾಗಿತ್ತು, ಅವನು ಚೆನ್ನಾಗಿ ಓಡಿದ. ಎಂಟು ಗಂಟೆಯ ಒಳಗೆ ಮುಗಿಸಿ ಬರುವುದಾದರೆ, ಹಗ್ಗ ಬಿಚ್ಚದೆ, ಮಲ್ಪೆ ಆದೀತು. ಇಡೀ ದಿನಕ್ಕಂತೂ ಬೇಡ.

ಕಾಪು ನೋಡಲು ಎಲ್ಲಕ್ಕಿಂತ ಚಂದ. ಬಂಡೆಯ ಮೇಲಿನ ದೀಪಸ್ತಂಭ 1901ರದ್ದು. ಆದರೆ ನಾಯಿಗೆ ಆ ಬಂಡೆಯೇ ತೊಂದರೆ. ಅಲೆ ಹಿಂದೆ ಸರಿದಾಗ ಬಂಡೆಯ ಗುಂಡಿಗಳಲ್ಲಿ ನೀರು ನಿಲ್ಲುತ್ತದೆ, ಅದರಲ್ಲಿ ಸಣ್ಣ ಏಡಿ, ಸಣ್ಣ ಮೀನು. ಬೊಳ್ಳು ಮೂಗು ಅದ್ದಿ ಅದ್ದಿ ನೋಡುತ್ತಾ ಮುಂದೆ ಹೋದ. ಬಂಡೆಗೆ ಅಂಟಿಕೊಂಡ ಚಿಪ್ಪುಗಳ ಅಂಚು ಬ್ಲೇಡಿನಷ್ಟು ಹರಿತ ಇರುತ್ತದೆ. ಅವನು ಕೂಗಲಿಲ್ಲ. ಮರಳಿಗೆ ಇಳಿದ ಮೇಲೆ ಮೂರು ಹೆಜ್ಜೆಗೊಂದು ಕೆಂಪು ಚುಕ್ಕೆ ಕಂಡಾಗಲೇ ನನಗೆ ಗೊತ್ತಾಗಿದ್ದು. ಮುಂಗಾಲಿನ ಅಡಿಯ ಮೆತ್ತೆ ಅರ್ಧ ಇಂಚು ಸೀಳಿತ್ತು. ತಂದ ಕುಡಿಯುವ ನೀರಿನಲ್ಲಿ ತೊಳೆದು, ಬಟ್ಟೆ ಕಟ್ಟಿ, ಎತ್ತಿಕೊಂಡೇ ಕಾರಿಗೆ ಬಂದೆ. ವಾಸಿಯಾಗಲು ಹತ್ತು ದಿನ ಬೇಕಾಯಿತು. ಎರಡನೇ ಸಲ ಬಂಡೆಯ ಕಡೆ ಬಿಡದೆ ಮರಳಿನಲ್ಲೇ ನಡೆಸಿದೆವು, ಏನೂ ಆಗಲಿಲ್ಲ. ಆದರೆ ಅಷ್ಟು ಹೊತ್ತೂ ಅವನು ಬಂಡೆಯ ಕಡೆಗೇ ಹಗ್ಗ ಎಳೆಯುತ್ತಿದ್ದ. ನಾಯಿಗೆ ಬೇಕಾದದ್ದನ್ನೆಲ್ಲ ಬೇಡ ಅನ್ನುತ್ತಾ ಕಳೆಯುವ ದಿನ ಅವನಿಗೂ ಖುಷಿಯಲ್ಲ, ನಮಗೂ ಅಲ್ಲ.

ಮಟ್ಟು ಅಂದರೆ ಎಲ್ಲರಿಗೂ ಗುಳ್ಳ ನೆನಪಾಗುತ್ತದೆ, ಅಲ್ವಾ? ಆ ಬದನೆಗೆ 2011ರಲ್ಲೇ ಜಿಐ ಟ್ಯಾಗ್ ಸಿಕ್ಕಿದೆ. ಅಲ್ಲಿನ ಕಡಲತೀರಕ್ಕೆ ಜನ ಕಡಿಮೆ, ನನಗೆ ತುಂಬಾ ಹಿಡಿಸಿತು. ನಾವು ಹೋದ ದಿನ ಮೀನುಗಾರರು ದಡದಿಂದಲೇ ಹಗ್ಗ ಹಿಡಿದು ಕೈರಂಪಣಿ ಬಲೆ ಎಳೆಯುತ್ತಿದ್ದರು. ಬಲೆ ದಡಕ್ಕೆ ಬಂದ ಮೇಲೆ ಬೇಡವಾದ ಮೀನನ್ನು ಅಲ್ಲೇ ಬಿಸಾಡುತ್ತಾರೆ. ಬೊಳ್ಳು ಒಂದು ದುಂಡಗಿನ ಮೀನಿನ ಹತ್ತಿರ ಬಾಯಿ ಹಾಕಿದ. ಹಗ್ಗ ಹಿಡಿದು ನಿಂತ ಹಿರಿಯರೊಬ್ಬರು ಕೂಗಿದರು, "ಅದನ್ನು ತಿನ್ನಲು ಬಿಡಬೇಡಿ ಮಾರಾಯ್ರೆ, ವಿಷ ಉಂಟು!" ಹೊಟ್ಟೆ ಉಬ್ಬಿಸಿಕೊಳ್ಳುವ ಮೀನು ಅದು, ಪಫರ್ ಫಿಶ್. ಅದರ ವಿಷ ಬೇಯಿಸಿದರೂ ಒಣಗಿಸಿದರೂ ಹೋಗುವುದಿಲ್ಲ. ಸತ್ತು ಒಣಗಿ ಮರಳಿನಲ್ಲಿ ಬಿದ್ದದ್ದೂ ಅಪಾಯವೇ. ಆ ಹಿರಿಯರಿಗೆ ನಾನು ಋಣಿ. ಕೆಳಗೆ ಬಿದ್ದದ್ದನ್ನೆಲ್ಲ ತಿನ್ನುವ ನಾಯಿ ನಿಮ್ಮದಾದರೆ ಬಲೆ ಎಳೆಯುವ ಹೊತ್ತಿನಲ್ಲಿ ಮಟ್ಟು ಬೇಡ. "ಬಿಡು" ಅಂದರೆ ಬಿಡುವ ನಾಯಿಯಾದರೆ ಧೈರ್ಯವಾಗಿ ಹೋಗಿ.

ನನ್ನ ಆಯ್ಕೆ ಕೋಡಿಬೆಂಗ್ರೆ. ದಾರಿ ಉದ್ದ. ಸಂತೆಕಟ್ಟೆ, ಕೆಮ್ಮಣ್ಣು, ಹೂಡೆ ದಾಟಿ ಹೋಗಬೇಕು. ಕೊನೆಯಲ್ಲಿ ರಸ್ತೆಯ ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ. ಸ್ವರ್ಣಾ ಮತ್ತು ಸೀತಾ ನದಿಗಳು ಅಲ್ಲಿ ಕಡಲು ಸೇರುತ್ತವೆ. ನಾಯಿಗೆ ಅನುಕೂಲವಾಗಿದ್ದು ಆ ಹೊಳೆಯ ಬದಿಯೇ.

ಮೊದಲ ಮೂರೂ ಕಡೆ ಬೊಳ್ಳು ನೀರಿಗೆ ಇಳಿದಿರಲಿಲ್ಲ. ಅಲೆ ಬಂದರೆ ಓಡಿ ಹಿಂದೆ ಬರುತ್ತಿದ್ದ. ಕಡಲೆಂದರೇ ಹೆದರಿಕೆ ಅಂದುಕೊಂಡಿದ್ದೆವು. ಬೆಂಗ್ರೆಯಲ್ಲಿ ಹೊಳೆಯ ಕಡೆ ತಿರುಗಿದೆವು. ಅಲೆ ಇಲ್ಲ, ಸದ್ದಿಲ್ಲ. ಅವನು ಬಾಗಿ ನೀರು ಮೂಸಿದ. ಮುಂಗಾಲು ಒಂದನ್ನು ಇಟ್ಟು ತೆಗೆದ. ಮತ್ತೆ ಇಟ್ಟ. ನಾವು ಯಾರೂ ಕರೆಯಲಿಲ್ಲ, ಸುಮ್ನೆ ದಡದಲ್ಲಿ ಕೂತಿದ್ದೆವು. ಹತ್ತು ನಿಮಿಷದಲ್ಲಿ ಹೊಟ್ಟೆಯವರೆಗೆ ಇಳಿದಿದ್ದ. ಆಮೇಲೆ ಕಾಲು ನೆಲ ಬಿಟ್ಟಿತು, ಕಿವಿ ಹಿಂದಕ್ಕೆ ಹೋಯಿತು, ತಲೆ ಮಾತ್ರ ಮೇಲೆ. ಈಜುತ್ತಿದ್ದ! ನನ್ನ ಮಗಳು ಖುಷಿಗೆ ಅತ್ತೇ ಬಿಟ್ಟಳು. ನೀರಿನಿಂದ ಎದ್ದು ಬಂದವನು ಏಡಿಯ ತೂತುಗಳನ್ನು ಅಗೆಯಲು ಶುರು ಮಾಡಿದ. ಮೂಗಿನ ತುದಿಯಿಂದ ಹಣೆಯವರೆಗೆ ಮರಳು. ಒಂದು ಏಡಿಯೂ ಸಿಗಲಿಲ್ಲ, ಆದರೂ ಒಂದು ಗಂಟೆ ಅದೇ ಕೆಲಸ.

ಬೆಂಗ್ರೆಯಲ್ಲೂ ಒಂದು ಎಚ್ಚರ ಬೇಕು. ಅಳಿವೆಯ ಬಾಯಿಯ ಹತ್ತಿರ ಸೆಳೆತ ಜೋರು. ಇಳಿತದ ಹೊತ್ತಿನಲ್ಲಿ ಹೊಳೆಯ ನೀರೆಲ್ಲ ಕಡಲಿನ ಕಡೆಗೇ ಎಳೆಯುತ್ತದೆ. ಅಳಿವೆಯಿಂದ ದೂರ, ಹೊಳೆಯ ಒಳಬದಿಯಲ್ಲೇ ಇಳಿಸಿ. ಹತ್ತು ಮೀಟರಿನ ಹಗ್ಗ ಬೆಲ್ಟಿಗೆ ಕಟ್ಟಿಯೇ ಇರಲಿ. ಮಳೆಗಾಲದಲ್ಲಿ ಆ ಕಡೆ ಹೋಗುವುದೇ ಬೇಡ.

ಎಲ್ಲ ಕಡೆಗೂ ಬೇಕಾದ ಮಾತು ಅಂದರೆ ನೀರು. ಒಂದು ನಾಯಿಗೆ ಎರಡು ಲೀಟರ್ ಕುಡಿಯುವ ನೀರು ಒಯ್ಯುತ್ತೇವೆ. ಒಂದು ಸಲ ಮರೆತು ತಡಮಾಡಿದಾಗ ಅವನು ಉಪ್ಪುನೀರನ್ನೇ ನೆಕ್ಕಿದ. ವಾಪಸ್ ಬರುವಾಗ ಕಾರಿನಲ್ಲಿ ವಾಂತಿ, ರಾತ್ರಿಯೆಲ್ಲ ಭೇದಿ. ಈಗ ಹದಿನೈದು ನಿಮಿಷಕ್ಕೊಮ್ಮೆ ಸ್ಟೀಲ್ ಬಟ್ಟಲು ಮುಂದೆ ಇಡುತ್ತೇನೆ. ಒಣ ಮರಳು ಬಿಸಿಯಾಗಿದೆಯೇ ಎಂದು ನೋಡಲು ಅಂಗೈಯ ಹಿಂಭಾಗ ಅದರ ಮೇಲಿಡಿ. ಏಳು ಎಣಿಸುವುದರೊಳಗೆ ಕೈ ತೆಗೆಯಬೇಕು ಅನಿಸಿದರೆ ನಾಯಿಯ ಕಾಲಿಗೂ ಅದು ಜಾಸ್ತಿ. ಮಾರ್ಚಿನಲ್ಲಿ ಹೋದಾಗ ಬೆಳಿಗ್ಗೆ ಒಂಬತ್ತೂವರೆಗೇ ಹಾಗಾಗಿತ್ತು. ಗಾಳಿಮರದ ನೆರಳು ಹುಡುಕಿ ಕೂತು ಮೊಸರನ್ನ ತಿನ್ನಿಸಿ ಹೊರಟೆವು.

ಚಳಿಗಾಲದಲ್ಲಿ ನಮ್ಮ ಕರಾವಳಿಯ ಮರಳಿನಲ್ಲಿ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆ ಇಡುತ್ತವೆ. ಏಡಿಯ ತೂತು ಅಗೆಯುವ ನಾಯಿಗೆ ಆಮೆಯ ಗೂಡು ಅಗೆಯುವುದು ಕಷ್ಟವೇನಲ್ಲ. ಹಾಗಾಗಿ ನೀರು ಮುಟ್ಟದ ಮೇಲಿನ ಮರಳಿನಲ್ಲಿ ಅವನನ್ನು ಅಗೆಯಲು ಬಿಡುವುದಿಲ್ಲ. ಒದ್ದೆ ಮರಳಿನಲ್ಲಿ ಎಷ್ಟು ಬೇಕಾದರೂ ಅಗೆಯಲಿ.

ಮನೆಗೆ ಬಂದ ಕೂಡಲೇ ಬಾವಿನೀರಿನಲ್ಲಿ ಸ್ನಾನ. ಬೆರಳಿನ ಸಂದಿಯ ಮರಳು ತೆಗೆದು, ಕಿವಿ ಒರೆಸಿ ಬಿಡುತ್ತೇವೆ. ಆಮೇಲೆ ಅವನು ಸಂಜೆಯವರೆಗೆ ಏಳುವುದಿಲ್ಲ. ನಿದ್ದೆಯಲ್ಲೂ ಮುಂಗಾಲು ಅಗೆಯುತ್ತಲೇ ಇರುತ್ತದೆ. ಈಗ ಸಂತೆಕಟ್ಟೆಯಲ್ಲಿ ಕಾರು ಕೆಮ್ಮಣ್ಣಿನ ಕಡೆ ತಿರುಗಿದರೆ ಸಾಕು, ಹಿಂದಿನ ಸೀಟಿನಲ್ಲಿ ಎದ್ದು ನಿಂತು ಕಿಟಕಿಗೆ ಮೂಗು ಒತ್ತುತ್ತಾನೆ.